ಹೊಸ ಹಾಡು, ಹಳೆಯ ಧಾಟಿ: ಎಲ್ಲಿಯವರೆಗೆ ಬಳಕೆ, ಎಲ್ಲಿಂದ ಕಳವು?

ಪ್ರಶ್ನೆ: ಈಗ ಬರುವ ಎಷ್ಟೋ ಹಾಡುಗಳನ್ನು ಮೊದಲ ಸಲ ಕೇಳುವಾಗಲೇ ‘ಇದನ್ನು ಎಲ್ಲೋ ಕೇಳಿದ್ದೇನಲ್ಲ’ ಎನ್ನಿಸುತ್ತದೆ. ಇವೆಲ್ಲ ಹಳೆಯ ಹಾಡುಗಳಿಂದ ಕದ್ದವೇ, ಅಥವಾ ರಾಗ ಒಂದೇ ಆಗಿರುವುದರಿಂದ ಹಾಗೆ ಕೇಳಿಸುತ್ತದೆಯೇ?

ಉತ್ತರ: ಕಲಬುರಗಿ ಸೀಮೆಯವರಿಗೆ ಈ ಪ್ರಶ್ನೆಯ ಅರ್ಧ ಉತ್ತರ ‘ಧಾಟಿ’ ಎಂಬ ಒಂದು ಮಾತಿನಲ್ಲಿಯೇ ಸಿಗುತ್ತದೆ. ಶ್ರಾವಣದ ಭಜನೆಯಲ್ಲಿ ಹಾಡುವವರು ಪದ ಎತ್ತುವ ಮೊದಲು ಪೇಟಿಯ (ಹಾರ್ಮೋನಿಯಂ) ಮುಂದೆ ಕುಳಿತವರು ‘ಯಾವ ಧಾಟಿರೀ?’ ಎಂದು ಕೇಳುತ್ತಾರೆ. ಹಾಡುವವರು ಹಳೆಯ ಸಿನಿಮಾ ಹಾಡೊಂದರ ಒಂದೂವರೆ ಸಾಲು ಗುನುಗುತ್ತಾರೆ, ಪೇಟಿಯ ಮೇಲೆ ಬೆರಳು ಜಾಗ ಹುಡುಕಿಕೊಳ್ಳುತ್ತದೆ, ತಾಳದವರು ತಲೆಯಾಡಿಸುತ್ತಾರೆ. ಮರುಕ್ಷಣವೇ ಆ ಧಾಟಿಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದವೊಂದು ಏಳುತ್ತದೆ. ಕೈಬರಹದ ಭಜನೆ ವಹಿಗಳಲ್ಲಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಮೂಲ ಹಾಡಿನ ಮೊದಲ ಎರಡು ಪದ ಕೊಟ್ಟಿರುವುದನ್ನು ಬಹಳ ಜನ ನೋಡಿರುತ್ತೀರಿ. ಎಲ್ಲಿಂದ ತಂದದ್ದು ಎಂಬುದು ಅಲ್ಲಿ ಬಚ್ಚಿಡುವ ಸಂಗತಿಯೇ ಅಲ್ಲ. ತತ್ವಪದದ ಕೊನೆಯ ನುಡಿಯಲ್ಲಿ ಬರೆದವರ ಅಂಕಿತವಿರುತ್ತದೆ. ಧಾಟಿಗೆ ಮಾತ್ರ ನಮ್ಮ ಹಿರಿಯರು ಅಂಕಿತ ಹಾಕಲಿಲ್ಲ. ಇಂದಿನ ನ್ಯಾಯಾಲಯಗಳು ತಡಕಾಡುತ್ತಿರುವುದು ಹೆಚ್ಚುಕಡಿಮೆ ಈ ಅಂಕಿತವಿಲ್ಲದ ಭಾಗಕ್ಕಾಗಿಯೇ.

ಎರಡು ಹಾಡುಗಳು ಒಂದೇ ರೀತಿ ಕೇಳಿಸಿದಾಗ, ಹೋಲಿಕೆ ಯಾವ ಪದರದಲ್ಲಿದೆ ಎಂದು ಮೊದಲು ನೋಡಬೇಕು. ಎಲ್ಲಕ್ಕಿಂತ ಕೆಳಗಿರುವುದು ತಾಳ. ಎಂಟು ಮಾತ್ರೆಯ ಕೆಹರವಾ ತಾಳದ ‘ಧಾ ಗೆ ನ ತಿ ನ ಕ ಧಿ ನ’ ಠೇಕಾ ಬಂದೇನವಾಜ್ ದರ್ಗಾದ ಉರುಸಿನ ಕವಾಲಿಗೂ ಸಲ್ಲುತ್ತದೆ, ಶರಣಬಸವೇಶ್ವರರ ಗುಡಿಯ ಭಜನೆಗೂ ಸಲ್ಲುತ್ತದೆ, ಮೆರವಣಿಗೆಯ ಡಿಜೆ ಹಾಡಿಗೂ ಸಲ್ಲುತ್ತದೆ. ಅದು ಯಾರ ಸ್ವತ್ತೂ ಅಲ್ಲ. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಹಾಡಿನ ಹಿಂದೆ ಗಿಟಾರಿನಲ್ಲಿಯೋ ಪಿಯಾನೋದಲ್ಲಿಯೋ ಸಾಗುವ, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳ ಸಾಲಿನ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ಮಾರ್ವಿನ್ ಗೇ ಅವರ 1973ರ ಹಾಡೊಂದರ ಕಾರ್ಡ್‌ಗಳನ್ನು ಎಡ್ ಶೀರನ್ ಎತ್ತಿಕೊಂಡರೆಂಬ ದಾವೆಯಲ್ಲಿ ನ್ಯೂಯಾರ್ಕಿನ ಜ್ಯೂರಿ 2023ರಲ್ಲಿ ಶೀರನ್ ಅವರ ಪರವಾಗಿ ತೀರ್ಪು ಕೊಟ್ಟಿತು.

ಅದರ ಮೇಲಿನ ಪದರ ರಾಗ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಭೈರವಿಯಲ್ಲಿಯೋ ಪಹಾಡಿಯಲ್ಲಿಯೋ ಕಟ್ಟಿದ ಎರಡು ಹಾಡುಗಳ ನಡುವೆ ಸಾಕಷ್ಟು ಹೋಲಿಕೆ ಇದ್ದೇ ಇರುತ್ತದೆ, ಏಕೆಂದರೆ ರಾಗವೆಂಬುದು ಬರಿಯ ಸ್ವರಗಳ ಪಟ್ಟಿಯಾಗಿರದೆ, ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು, ಏರುವಾಗ ಯಾವುದನ್ನು ದಾಟಬೇಕು ಎಂಬ ನಡೆಯನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಜೋಳದ ಹಿಟ್ಟು ಒಂದೇ ಎಂದು ಎರಡು ಮನೆಯ ರೊಟ್ಟಿಯನ್ನು ಒಂದೇ ಎನ್ನಲಾಗದು. ಆದರೆ ಹಿಟ್ಟು ಎಲ್ಲಿ ಮುಗಿಯಿತು, ರೊಟ್ಟಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ ಎಂಬುದಕ್ಕೆ ಇತ್ತೀಚಿನ ಪ್ರಕರಣವೊಂದು ಸಾಕ್ಷಿ. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರಕ್ಕೆ ಎ. ಆರ್. ರೆಹಮಾನ್ ಸಂಯೋಜಿಸಿದ ‘ವೀರ ರಾಜ ವೀರ’ ಹಾಡು, ಧ್ರುಪದ್ ಗಾಯಕರಾದ ಕಿರಿಯ ಡಾಗರ್ ಸಹೋದರರು ಹಾಡುತ್ತಿದ್ದ ‘ಶಿವಸ್ತುತಿ’ಯನ್ನು ಹೋಲುತ್ತದೆಂದು ಅವರ ಕುಟುಂಬದವರು ದೆಹಲಿ ಹೈಕೋರ್ಟಿಗೆ ಹೋದರು. ಎರಡೂ ಅಡಾಣ ರಾಗದಲ್ಲಿವೆ. ರಾಗ ಎಲ್ಲರದು, ಆದರೆ ಅದರೊಳಗೆ ಕಟ್ಟಿದ ರಚನೆಗೆ ಒಡೆಯರಿರುತ್ತಾರೆ ಎಂಬ ನೆಲೆಯಲ್ಲಿ ಏಕಸದಸ್ಯ ಪೀಠವು 2025ರ ಏಪ್ರಿಲ್‌ನಲ್ಲಿ 2 ಕೋಟಿ ರೂಪಾಯಿ ಠೇವಣಿ ಇಡಲು ಮತ್ತು ಡಾಗರ್ ಸಹೋದರರ ಹೆಸರು ಹಾಕಲು ಮಧ್ಯಂತರ ಆದೇಶ ಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತೆಗೆದುಹಾಕಿತು. ಒಬ್ಬರು ಹಾಡಿದ ಮಾತ್ರಕ್ಕೆ ಅವರೇ ಅದನ್ನು ರಚಿಸಿದವರು ಎನ್ನಲಾಗದು ಎಂಬುದು ಆ ಪೀಠದ ತರ್ಕ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಸಂಗೀತದಲ್ಲಿ ಈ ತೊಡಕು ತಪ್ಪಿದ್ದಲ್ಲ. ನಮ್ಮ ತತ್ವಪದಗಳ ಧಾಟಿಗಳನ್ನು ಯಾರಾದರೂ ಕೋರ್ಟಿಗೆ ಒಯ್ದರೂ ಮೊದಲು ಏಳುವ ಪ್ರಶ್ನೆ ಇದೇ ಆಗಿರುತ್ತದೆ.

ಇನ್ನೂ ಮೇಲೆ ಬಂದರೆ ರಾಗದ ಮಾತು ಮುಗಿದು, ನಿರ್ದಿಷ್ಟ ಧಾಟಿಯ ಮಾತು ಶುರುವಾಗುತ್ತದೆ. ಪೇಟಿ ಇರುವವರು ಇದನ್ನು ತಾವೇ ನುಡಿಸಿ ನೋಡಬಹುದು: ಕೋಮಲ ಧೈವತದಿಂದ ಹೊರಟು ‘ಧ ಪ ಪ, ಧ ಪ ಪ, ಧ ಪ ಪ’ ಎಂದು ಮೂರು ಸಲ ಹೇಳಿ, ನಾಲ್ಕನೆಯದಾಗಿ ತಾರ ಸಪ್ತಕದ ಕೋಮಲ ಗಾಂಧಾರಕ್ಕೆ ಜಿಗಿಯಿರಿ. ಇದು ಮೊಜಾರ್ಟ್ 1788ರಲ್ಲಿ ಬರೆದ 40ನೆಯ ಸಿಂಫನಿಯ ಆರಂಭ. ಸಲಿಲ್ ಚೌಧರಿ ಇದನ್ನೇ 1961ರ ‘ಛಾಯಾ’ ಚಿತ್ರದ ‘ಇತನಾ ನ ಮುಝಸೆ ತೂ ಪ್ಯಾರ್ ಬಢಾ’ ಹಾಡಿನ ಎತ್ತುಗಡೆಗೆ ಬಳಸಿದರು. ಮೊಜಾರ್ಟ್ ತೀರಿ ಹೋಗಿ ಆಗಲೇ 170 ವರ್ಷವಾಗಿದ್ದರಿಂದ ಅದನ್ನು ಬಳಸಲು ಯಾರ ಅನುಮತಿಯೂ ಬೇಕಿರಲಿಲ್ಲ. ಆ ಎತ್ತುಗಡೆಯ ನಂತರ ಹಾಡು ತನ್ನದೇ ದಾರಿ ಹಿಡಿಯುತ್ತದಾದ್ದರಿಂದ ಅದನ್ನು ನಕಲು ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಗೊತ್ತಿದ್ದು ತೆಗೆದುಕೊಳ್ಳುವುದು ಒಂದಾದರೆ, ಗೊತ್ತಿಲ್ಲದೆ ತೆಗೆದುಕೊಳ್ಳುವುದು ಇನ್ನೊಂದು. ಜಾರ್ಜ್ ಹ್ಯಾರಿಸನ್ ಅವರ 1970ರ ‘ಮೈ ಸ್ವೀಟ್ ಲಾರ್ಡ್’ ಹಾಡು, 1963ರಲ್ಲಿ ಶಿಫಾನ್ಸ್ ತಂಡ ಹಾಡಿದ್ದ ‘ಹೀ ಈಸ್ ಸೋ ಫೈನ್’ ಹಾಡಿನ ಧಾಟಿಯದೇ ಎಂದು ಅಮೆರಿಕದ ನ್ಯಾಯಾಲಯ 1976ರಲ್ಲಿ ತೀರ್ಮಾನಿಸಿತು. ಹ್ಯಾರಿಸನ್ ಬೇಕೆಂದು ಕದ್ದರೆಂದು ನ್ಯಾಯಾಧೀಶರು ಹೇಳಲಿಲ್ಲ. ಕೇಳಿದ್ದ ಹಾಡು ಒಳಮನಸ್ಸಿನಲ್ಲಿ ಕುಳಿತಿದ್ದು ಹೊರಗೆ ಬಂತೆಂದರು, ಆದರೂ ಹೊಣೆ ತಪ್ಪಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆಟೊದಲ್ಲಿ, ಚಹಾದ ಅಂಗಡಿಯಲ್ಲಿ, ಮದುವೆ ಮಂಟಪದಲ್ಲಿ ಹಾಡು ಕಿವಿಗೆ ಬೀಳುತ್ತಲೇ ಇರುವ ಈ ಕಾಲದಲ್ಲಿ ಹೀಗಾಗುವುದು ಅಚ್ಚರಿಯಲ್ಲ.

ಕೊನೆಯದು ಧ್ವನಿಮುದ್ರಣದ ಪದರ. ಇಲ್ಲಿ ಧಾಟಿಯನ್ನು ಮತ್ತೆ ಹಾಡುವುದಿಲ್ಲ. ಹಳೆಯ ಮುದ್ರಣದ ತುಣುಕನ್ನೇ ಕತ್ತರಿಸಿ ಹೊಸ ಹಾಡಿಗೆ ಹೊಲಿಯುತ್ತಾರೆ. ಇದನ್ನು ಸ್ಯಾಂಪಲ್ ಎನ್ನುತ್ತಾರೆ. ಬ್ರಿಟ್ನಿ ಸ್ಪಿಯರ್ಸ್ ಅವರ ‘ಟಾಕ್ಸಿಕ್’ ಹಾಡಿನಲ್ಲಿ ಚೀರುವಂತೆ ಕೇಳಿಬರುವ ತಂತಿವಾದ್ಯಗಳ ತುಣುಕು, ಲತಾ ಮಂಗೇಶ್ಕರ್ ಮತ್ತು ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ತೇರೆ ಮೇರೆ ಬೀಚ್ ಮೇಂ’ ಹಾಡಿನದು. 1981ರ ‘ಏಕ್ ದೂಜೆ ಕೆ ಲಿಯೆ’ ಚಿತ್ರದ ಈ ಹಾಡಿಗೆ ಸಂಗೀತ ಕೊಟ್ಟವರು ಲಕ್ಷ್ಮೀಕಾಂತ್–ಪ್ಯಾರೇಲಾಲ್. ಎಸ್‌ಪಿಬಿ ಎಂದರೆ ಪ್ರಾಣ ಬಿಡುವ ನಮ್ಮ ಕಡೆಯ ಎಷ್ಟೋ ಮಂದಿಗೆ ಈ ನಂಟು ಗೊತ್ತಿಲ್ಲ. ಒಮ್ಮೆ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಮತ್ತೆ ಮರೆಯುವುದಿಲ್ಲ.

ಕಾನೂನಿನ ಲೆಕ್ಕ ಹೀಗಿದೆ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಸಂಗೀತ ರಚನೆಯ ಹಕ್ಕು ರಚನಕಾರರ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ, ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ. ಹೀಗಾಗಿ 1960ರ ರೆಕಾರ್ಡಿನ ಹಕ್ಕು 2020ರ ಕೊನೆಗೆ ಮುಗಿದಿದ್ದರೂ, ಅದರ ಸಂಗೀತ ನಿರ್ದೇಶಕರು 1990ರಲ್ಲಿ ತೀರಿಕೊಂಡಿದ್ದರೆ ಧಾಟಿಯ ಹಕ್ಕು 2050ರವರೆಗೆ ಜೀವಂತವಾಗಿರುತ್ತದೆ. ಪುರಂದರದಾಸರ ಕೀರ್ತನೆಗೋ ಮಡಿವಾಳಪ್ಪನವರ ಪದಕ್ಕೋ ಈ ಅಡ್ಡಿ ಇಲ್ಲ. ಅವುಗಳಿಗೆ ಈಚಿನವರೊಬ್ಬರು ಹೊಸದಾಗಿ ಕೂಡಿಸಿದ ಸ್ವರ ಸಂಯೋಜನೆಗೆ ಮಾತ್ರ ಇದೆ.

ಭಜನಾ ಮಂಡಳಿಗಳವರು ಇದನ್ನು ತಿಳಿದಿರುವುದು ಒಳ್ಳೆಯದು. ಗುಡಿಯ ಕಟ್ಟೆಯ ಮೇಲೆ ಸಿನಿಮಾ ಧಾಟಿಯಲ್ಲಿ ಪದ ಹಾಡುವಾಗ ಯಾರೂ ತಕರಾರು ಮಾಡುವುದಿಲ್ಲ. ಅದನ್ನೇ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಾಗ, ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆ ಮುದ್ರಣವನ್ನಷ್ಟೇ ಅಲ್ಲದೆ ಧಾಟಿಯನ್ನೂ ಹೋಲಿಸಿ ನೋಡಬಲ್ಲದು. ಹೊಂದಿಕೆಯಾದರೆ ಹಕ್ಕುದಾರ ಕಂಪನಿ ಆ ವಿಡಿಯೊದ ಜಾಹೀರಾತಿನ ಹಣವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು, ವಿಡಿಯೊ ಕಾಣದಂತೆಯೂ ಮಾಡಬಹುದು. ಮೂಲ ಹಾಡು ಮೊದಲು ಮುದ್ರಣವಾಗಿ ಐದು ವರ್ಷ ಕಳೆದ ಮೇಲೆ, ಮುಂಚೆಯೇ ತಿಳಿಸಿ, ರಾಯಧನ ಕಟ್ಟಿ ಅದನ್ನು ಮರುಹಾಡಲು ಕಾಯ್ದೆಯಲ್ಲಿ ದಾರಿಯಿದೆ. ಆದರೆ ಆ ದಾರಿ ಹಾಡನ್ನು ಇದ್ದಂತೆಯೇ ಹಾಡುವವರಿಗೆ. ಧಾಟಿ ಇಟ್ಟುಕೊಂಡು ಮಾತು ಬದಲಿಸುವವರು ಹಕ್ಕುದಾರರ ಒಪ್ಪಿಗೆಯನ್ನೇ ಪಡೆಯಬೇಕು. ವಹಿಯಲ್ಲಿ ಬರೆಯುವಂತೆ ವಿಡಿಯೊದ ಕೆಳಗೂ ‘ಧಾಟಿ: ಇಂಥ ಹಾಡು’ ಎಂದು ಬರೆಯುವುದು ಒಳ್ಳೆಯ ರೂಢಿಯೇ, ಆದರೆ ಅದು ಆ ಒಪ್ಪಿಗೆಯ ಬದಲಿಗೆ ನಡೆಯುವುದಿಲ್ಲ.