ಕಾರ್ಬುರೇಟರ್ ಕೊಳ್ಳುವ ಮುನ್ನ ಅದರ ಬಾಯಿಯ ಅಳತೆ ನೋಡಿ

ಹಳೆಯ ಬೈಕಿಗೆ ಬೇರೆ ಕಾರ್ಬುರೇಟರ್ ಹಾಕಿಸಬೇಕೆಂದು ಗ್ಯಾರೇಜಿಗೆ ಬರುವವರು, ಅದರಲ್ಲೂ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡಿರುವ ಹುಡುಗರು, ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅಣ್ಣಾ, ಇದಕ್ಕೆ ಎಷ್ಟು ದೊಡ್ಡದು ಕೂರುತ್ತೆ?’ ಬಾಯಿ ದೊಡ್ಡದಾದಷ್ಟೂ ಪಿಕಪ್ ಹೆಚ್ಚುತ್ತದೆ ಎಂಬ ನಂಬಿಕೆ ಅವರಲ್ಲಿ ಎಷ್ಟು ಬೇರೂರಿದೆಯೆಂದರೆ, ಎಂಜಿನ್‌ಗೆ ಎಷ್ಟು ಬೇಕು ಎಂದು ಕೇಳಿದವರನ್ನು ನಾನು ಕಂಡಿರುವುದು ಬಹಳ ಅಪರೂಪ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್‌6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಕಾರ್ಬುರೇಟರ್ ಬಿಟ್ಟು ಇಂಜೆಕ್ಟರ್‌ನಿಂದಲೇ ಪೆಟ್ರೋಲ್ ಪಡೆಯುತ್ತಿವೆ. ಆದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆ ರೇಷ್ಮೆಗೂಡಿನ ಮೂಟೆ, ಹಾಲಿನ ಕ್ಯಾನು, ಹೂವಿನ ಚೀಲ ಹೊತ್ತು ಓಡಾಡುವ ಗಾಡಿಗಳಲ್ಲಿ ಕಾರ್ಬುರೇಟರ್ ಇರುವಂಥವು ಇನ್ನೂ ಸಾಕಷ್ಟಿವೆ.

ಕಾರ್ಬುರೇಟರ್ ತಾನಾಗಿ ಎಂಜಿನ್‌ಗೆ ಏನನ್ನೂ ತಳ್ಳುವುದಿಲ್ಲ. ಪಿಸ್ಟನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಕಾರ್ಬುರೇಟರ್‌ನ ಕಿರಿದಾದ ಗಂಟಲಿನಲ್ಲಿ ಹಾಯುವಾಗ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ. ಇಡೀ ಕೆಲಸ ನಿಂತಿರುವುದು ಗಾಳಿಯ ವೇಗದ ಮೇಲೆ. ಒಲೆ ಊದುವ ಕೊಳವೆ ಕಿರಿದಾಗಿರುವುದರಿಂದಲೇ ಕೆಂಡ ಹೊತ್ತಿಕೊಳ್ಳುತ್ತದೆ. ಅದೇ ಉಸಿರನ್ನು ಅಗಲವಾದ ಪೈಪಿನಲ್ಲಿ ಊದಿದರೆ ಬೂದಿಯೂ ಅಲುಗುವುದಿಲ್ಲ.

ಈಗ ಲೆಕ್ಕ ನೋಡೋಣ. ಆರ್‌ಎಕ್ಸ್ 100ಕ್ಕೆ ಕಂಪನಿ ಕೊಟ್ಟಿದ್ದು ಮಿಕುನಿ ಎಂಬ ಕಾರ್ಬುರೇಟರ್ ತಯಾರಕರ ವಿಎಂ 20, ಅಂದರೆ 20 ಮಿಲಿಮೀಟರ್ ಬಾಯಿಯದು. ಹುಡುಗರು ಕೇಳುವುದು 28 ಮಿಲಿಮೀಟರ್‌ನದು. ಎಂಟು ಮಿಲಿಮೀಟರ್ ಏನು ಮಹಾ ಎಂದು ಅವರಿಗೆ ಅನ್ನಿಸುತ್ತದೆ. ಆದರೆ ಗಾಳಿ ಹಾಯುವುದು ವೃತ್ತದ ವಿಸ್ತೀರ್ಣದಲ್ಲಿ. 20ರ ವಿಸ್ತೀರ್ಣ ಸುಮಾರು 314 ಚದರ ಮಿಲಿಮೀಟರ್, 28ರದ್ದು ಸುಮಾರು 616, ಹೆಚ್ಚುಕಡಿಮೆ ಎರಡರಷ್ಟು. ಎಂಜಿನ್ ಮಾತ್ರ ಅದೇ 98 ಸಿಸಿಯದು, ಅದು ಎಳೆಯುವ ಗಾಳಿಯೂ ಅಷ್ಟೇ. ಹಾಗಾಗಿ ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ, ಆಕ್ಸಿಲರೇಟರ್ ಪೂರ್ತಿ ತಿರುವಿದರೆ ಗಂಟಲಿನಲ್ಲಿ ಗಾಳಿಯ ವೇಗ ಅರ್ಧಕ್ಕೆ ಇಳಿಯುತ್ತದೆ, ಮತ್ತು ಒತ್ತಡ ಇಳಿದು ಉಂಟಾಗುವ ಎಳೆತವು ವೇಗದ ವರ್ಗವನ್ನು (ವೇಗ × ವೇಗ) ಅನುಸರಿಸುವುದರಿಂದ ಅದು ಸರಿಸುಮಾರು ಕಾಲು ಭಾಗಕ್ಕೆ ಕುಸಿಯುತ್ತದೆ. ಪೆಟ್ರೋಲ್ ಮೇಲೇರುವುದು ಆ ಎಳೆತದಿಂದ ಮಾತ್ರ. ಸ್ವಲ್ಪವೇ ತಿರುವಿದಾಗ ಗಂಟಲನ್ನು ತೆರೆದು ಮುಚ್ಚುವ ಸ್ಲೈಡ್ ಅರೆಮುಚ್ಚಿದ್ದು ದಾರಿ ಕಿರಿದಾಗಿಯೇ ಇರುವುದರಿಂದ ತೊಂದರೆ ಕಾಣುವುದಿಲ್ಲ. ಥಟ್ಟನೆ ತಿರುವಿದಾಗ ಎಂಜಿನ್ ಕೆಮ್ಮಿದಂತೆ ತಡವರಿಸುತ್ತದೆ. ಹುಡುಗರು ಆಗ ಜೆಟ್ ದೊಡ್ಡದು ಮಾಡಿಸುತ್ತಾರೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ, ಹೊಗೆ ತಪಾಸಣೆಯಲ್ಲಿ ಗಾಡಿ ಪಾಸಾಗುವುದೂ ಕಷ್ಟವಾಗುತ್ತದೆ.

ಗುಡಿಬಂಡೆ ಕಡೆಯ ಒಬ್ಬ ಹುಡುಗ ತನ್ನ ತಂದೆಯ ಗಾಡಿಗೆ ಆನ್‌ಲೈನ್‌ನಲ್ಲಿ ತರಿಸಿದ 28ರದ್ದನ್ನು ತಾನೇ ಹಾಕಿಕೊಂಡು ಬಂದಿದ್ದ. ಗಾಡಿಯ ಮೇಲೆ ಅವನಿಗಿದ್ದ ಅಕ್ಕರೆ ನೋಡಿ ನನಗೆ ಸಂತೋಷವಾಯಿತು. ಟ್ಯಾಂಕಿನ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಿಣ್ಣೆ ಹತ್ತಲು ಆ ಗಾಡಿಗೆ ಆಗುತ್ತಿರಲಿಲ್ಲ. ಅವನ ಮನೆಯಲ್ಲಿದ್ದ ಹಳೆಯ 20ರದ್ದನ್ನೇ ತರಿಸಿ, ಸವೆದಿದ್ದ ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಸೂಜಿ) ಮತ್ತು ಅದು ಇಳಿಯುವ ನೀಡಲ್ ಜೆಟ್ ಬದಲಿಸಿ ಕೂರಿಸಿದೆವು. ಅವನಿಗೆ ಬೇಕಾಗಿದ್ದ ಪಿಕಪ್ ಅದರಲ್ಲೇ ಸಿಕ್ಕಿತು. ಪೋರ್ಟ್ ಕೆಲಸ (ಸಿಲಿಂಡರಿನ ಗಾಳಿ ದಾರಿಗಳನ್ನು ತಿದ್ದುವುದು) ಮಾಡಿಸಿ, ಸೈಲೆನ್ಸರ್ ಬದಲಿಸಿ, ರೇಸಿಗೆಂದೇ ಸಿದ್ಧಪಡಿಸಿದ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಹೆಚ್ಚು ಗಾಳಿ ಕೇಳುತ್ತದೆ, ಅದಕ್ಕೆ ದೊಡ್ಡ ಬಾಯಿ ಸರಿಯಿರಬಹುದು. ನಾನು ಹೇಳುತ್ತಿರುವುದು ದಿನನಿತ್ಯ ಓಡುವ ಗಾಡಿಯ ಬಗ್ಗೆ.

ಅಳತೆ ಒಂದೇ ಆದರೂ ಸಾಲದು. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಯದೂ ಫೋರ್ ಸ್ಟ್ರೋಕ್ ಗಾಡಿಯದೂ ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗಿನ ನೀಡಲ್ ಜೆಟ್‌ನ ರಚನೆ ಸಾಮಾನ್ಯವಾಗಿ ಬೇರೆಯಿರುತ್ತದೆ. ಬೋಲ್ಟಿನ ಅಂತರ ಸರಿಹೊಂದಿತೆಂದು ಇನ್ನೊಂದು ಗಾಡಿಯದನ್ನು ತಂದು ಹಾಕಿದರೆ, ಆ ಎಂಜಿನ್‌ಗೆಂದು ಇಟ್ಟ ಜೆಟ್‌ಗಳೂ ಜೊತೆಗೇ ಬರುತ್ತವೆ. ಮಿಕುನಿಯ 100 ನಂಬರಿನ ಜೆಟ್ಟೂ ಕೀಹಿನ್‌ನ 100 ನಂಬರಿನ ಜೆಟ್ಟೂ ಒಂದೇ ಅಲ್ಲ; ಎರಡು ಕಂಪನಿಗಳ ಲೆಕ್ಕ ಬೇರೆ ಬೇರೆ. ವ್ಯಾಕ್ಯೂಮ್ ಮಾದರಿಯ ಕಾರ್ಬುರೇಟರ್ ಇರುವ ಗಾಡಿಗಳ ವಿಷಯವೇ ಬೇರೆ: ಅದರಲ್ಲಿ ಕೇಬಲ್ ಎಳೆಯುವುದು ಬಟರ್‌ಫ್ಲೈ ಎಂಬ ತಿರುಗುವ ತಟ್ಟೆಯನ್ನು, ಸ್ಲೈಡನ್ನು ಎತ್ತುವುದು ಎಂಜಿನ್ನಿನ ಎಳೆತ. ಅದು ಕೆಟ್ಟಿದೆಯೆಂದು ತಂದವರಲ್ಲಿ ಎಷ್ಟೋ ಜನಕ್ಕೆ ಹರಿದ ಡಯಾಫ್ರಮ್ (ಸ್ಲೈಡಿನ ರಬ್ಬರ್ ಪೊರೆ) ಒಂದನ್ನು ಬದಲಿಸಿದ್ದೇ ಸಾಕಾಗಿದೆ.

ದೂರದ ಊರಿನವರು ವಿಡಿಯೋದಲ್ಲಿ ಹೇಳಿದ ಜೆಟ್ ನಂಬರನ್ನು ಬರೆದುಕೊಂಡು ಬರುವವರಿಗೂ ಒಂದು ಮಾತು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ನಂದಿ ಬೆಟ್ಟದ ನೆತ್ತಿ 1,478 ಮೀಟರ್. ಎತ್ತರ ಏರಿದಂತೆ ಗಾಳಿ ತೆಳುವಾಗುವುದರಿಂದ, ಚೆನ್ನೈನಲ್ಲಿ ಸರಿಯಾಗಿ ಓಡಿದ ಜೆಟ್ ಇಲ್ಲಿ ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿಸಬಹುದು. ಇನ್ನೊಂದು ಕಡೆ, ಈಗ ಬಂಕುಗಳಲ್ಲಿ ಸಿಗುವ ಶೇಕಡ 20ರ ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ ಎಂದು ಕಣ್ಣುಮುಚ್ಚಿ ನಂಬಬೇಡಿ. ಟೂ ಸ್ಟ್ರೋಕ್ ಗಾಡಿಯಲ್ಲಿ ಮಿಶ್ರಣ ತೆಳುವಾದರೆ ಪಿಸ್ಟನ್ ಬಿಸಿಯಾಗಿ ಜಾಮ್ ಆಗುವ ಅಪಾಯವಿದೆ, ಆದ್ದರಿಂದ ಹೊಸದು ಹಾಕಿದ ಮೇಲೆ ಪ್ಲಗ್ ಬಿಚ್ಚಿ ನೋಡಲೇಬೇಕು. ತಿಳಿ ಕಂದು ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಗಾಡಿಯನ್ನು ಅಂದೇ ನಿಲ್ಲಿಸಿ.

ಇಷ್ಟೆಲ್ಲಕ್ಕೂ ಮೊದಲು, ಬದಲಿಸುವುದು ನಿಜಕ್ಕೂ ಅಗತ್ಯವೇ ಎಂದು ನೋಡಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮೂಟೆ ಸಾಗಿಸುವ ಹಿರಿಯರೊಬ್ಬರು ಗಾಡಿ ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲವೆಂದು ಹೊಸ ಕಾರ್ಬುರೇಟರ್ ಕೊಂಡೇ ಬಂದಿದ್ದರು. ಕೆಟ್ಟಿದ್ದು ಕಾರ್ಬುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್. ಅದು ಸೀಳಿ ಗಾಳಿ ಒಳಹೋಗುತ್ತಿತ್ತು. ಕಷ್ಟಪಟ್ಟು ದುಡಿದ ಹಣ ಹೀಗೆ ಹೋಗುವುದನ್ನು ನೋಡಲು ನನಗೆ ಬೇಸರವಾಗುತ್ತದೆ. ಹೊಸದನ್ನು ಅಂಗಡಿಗೆ ಹಿಂದಿರುಗಿಸಲು ಅವರಿಗೆ ಹೇಳಿ, ರಬ್ಬರ್ ಬದಲಿಸಿ ಕಳಿಸಿದೆ. ಆ ರಬ್ಬರ್, ಏರ್ ಫಿಲ್ಟರ್, ಟ್ಯಾಂಕಿನ ತುಕ್ಕು, ವಾಲ್ವ್ ಅಂತರ, ಕಂಪ್ರೆಷನ್ ಇವೆಲ್ಲ ಸರಿಯಿದ್ದು, ಸ್ಲೈಡ್ ಅಥವಾ ಬಾಡಿಯೇ ಸವೆದು ಅಲುಗಾಡುತ್ತಿದ್ದರೆ ಮಾತ್ರ ಹೊಸದನ್ನು ಕೊಳ್ಳಿ. ಕೊಳ್ಳಲು ಹೋಗುವಾಗ ಹಳೆಯದನ್ನು ಎಸೆಯದೆ ಜೊತೆಗೆ ಒಯ್ಯಿರಿ. ಬಾಡಿಯ ಮೇಲಿನ ಅಚ್ಚು, ಒಳಗಿನ ಮೇನ್ ಜೆಟ್ ಮತ್ತು ಪೈಲಟ್ ಜೆಟ್‌ಗಳ ಮೇಲಿನ ನಂಬರುಗಳನ್ನು ಹೊಸದರ ಪಕ್ಕದಲ್ಲಿಟ್ಟು ಓದಿ, ಬಿಲ್ ಪಡೆದುಕೊಂಡೇ ಹಣ ಕೊಡಿ.