ಎರಡು ದಿನದಲ್ಲಿ ಗದಗ, ಲಕ್ಕುಂಡಿ, ಹಾವೇರಿ ಎಲ್ಲಾ ನೋಡಬಹುದಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ರಾತ್ರಿ ರೈಲಿಗೆ ಹೊರಟು ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿಯುತ್ತೇವೆ. ಜೊತೆಗೆ ಅತ್ತೆ, ಮಾವ ಮತ್ತು ಇಬ್ಬರು ಮಕ್ಕಳು. ಗದಗ, ಲಕ್ಕುಂಡಿ, ಡಂಬಳ, ಮಾಗಡಿ ಕೆರೆ, ಲಕ್ಷ್ಮೇಶ್ವರ, ಬಂಕಾಪುರ, ಹಾನಗಲ್ ನೋಡಬೇಕು. ಭಾನುವಾರ ರಾತ್ರಿ ವಾಪಸ್. ಆಗುತ್ತಾ?

ಎಲ್ಲಾ ಆಗುವುದಿಲ್ಲ. ಹಾನಗಲ್ ಬಿಟ್ಟುಬಿಡಿ. ತಾರಕೇಶ್ವರ ಗುಡಿಗೆ ಅರ್ಧ ದಿನವಾದರೂ ಬೇಕು, ಅದಕ್ಕೆ ಇನ್ನೊಮ್ಮೆ ಬನ್ನಿ. ಡಂಬಳ, ಮಾಗಡಿ ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ಉಳಿದ ಊರುಗಳನ್ನು ಒಂದು ಸುತ್ತಿನಲ್ಲಿ ಜೋಡಿಸಬಹುದು. ಆದರೆ ಶನಿವಾರ ರಾತ್ರಿ ಗದಗದಲ್ಲೇ ಉಳಿಯಬೇಕು. ಹುಬ್ಬಳ್ಳಿಯಲ್ಲಿ ರೂಮ್ ಮಾಡಿದರೆ ಸುಮಾರು 60 ಕಿಲೋಮೀಟರ್ ದಾರಿಯನ್ನು ಸುಮ್ನೆ ಮತ್ತೆ ಮತ್ತೆ ಓಡಾಡಬೇಕಾಗುತ್ತದೆ.

ಪ್ಲಾನ್ ಮಾಡುವಾಗ ಎಲ್ಲರೂ ಮ್ಯಾಪ್ ನೋಡಿ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ನಮ್ಮ ಕಡೆ ಲೆಕ್ಕ ಹಾಕಬೇಕಾದ್ದು ಬಿಸಿಲನ್ನು ಮತ್ತು ಗುಡಿ ಬಾಗಿಲನ್ನು. ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದು ಸಾಮಾನ್ಯ. ಹಾಗಾಗಿ ಅವು ಬೆಳಗಿನ ಪಾಲಿಗೆ. ಲಕ್ಕುಂಡಿಯಂಥ ಜಾಗ ಇಳಿಹೊತ್ತಿಗೆ. ನಾನು ಒಮ್ಮೆ ಇದನ್ನು ಉಲ್ಟಾ ಮಾಡಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದು ಗಂಟೆಗೆ ಅಮ್ಮನನ್ನು ಲಕ್ಕುಂಡಿಗೆ ಕರೆದುಕೊಂಡು ಹೋದೆ. ಬರಿಗಾಲಲ್ಲಿ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಡಲೂ ಅವರಿಗೆ ಆಗಲಿಲ್ಲ. ಒಂದು ಗೋಡೆಯ ನೆರಳಲ್ಲಿ ಕೂತೇ ವಾಪಸ್ ಬಂದರು. ಅದು ನನಗೆ ಇವತ್ತಿಗೂ ನೋವಿನ ಸಂಗತಿ. ಡಿಸೆಂಬರ್‌ನಲ್ಲಿ ಅಷ್ಟು ಕಾಯುವುದಿಲ್ಲ, ಆದರೂ ನಡುಮಧ್ಯಾಹ್ನ ಬೇಡ.

ಶನಿವಾರ ಹುಬ್ಬಳ್ಳಿಯಲ್ಲಿ ಸ್ನಾನ, ತಿಂಡಿ ಮುಗಿಸಿ ಎಂಟಕ್ಕೆ ಹೊರಡಿ. ಕಾರು ಮಾಡಿಕೊಳ್ಳಿ. ಗದಗ, ಲಕ್ಕುಂಡಿಗೆ ಬಸ್ ಸಾಕು, ಆದರೆ ಭಾನುವಾರದ ದಾರಿಗೆ ಬಸ್ ನಂಬಿದರೆ ಕಷ್ಟ. ದಾರಿಯಲ್ಲೇ ಅಣ್ಣಿಗೇರಿಯ ಅಮೃತೇಶ್ವರ ಗುಡಿ. ಅಲ್ಲಿ ಮುಕ್ಕಾಲು ಗಂಟೆ ಸಾಕು. ಹತ್ತೂವರೆ ಹೊತ್ತಿಗೆ ಗದಗ. ಮೊದಲು ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗ. ಆವರಣದಲ್ಲೇ ಇರುವ ಸರಸ್ವತಿ ಗುಡಿಯ ಕಂಬಗಳನ್ನು ಹತ್ತಿರ ನಿಂತು ನೋಡಿ, ಕೆತ್ತನೆ ಅಷ್ಟು ನವಿರು. ಆಮೇಲೆ ವೀರನಾರಾಯಣ. ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ. ಅವನು ಒರಗಿ ಕೂರುತ್ತಿದ್ದ ಎಂದು ಹೇಳುವ ಕಂಬವೂ ಇದೆ. ಮಕ್ಕಳಿಗೆ ಅದರ ಮುಂದೆ ಒಂದು ಷಟ್ಪದಿ ಓದಿ ಹೇಳಿ, ದಯವಿಟ್ಟು.

ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಊಟ. ರೂಮಿಗೆ ಹೋಗಿ ಹಿರಿಯರು ಒಂದು ನಿದ್ದೆ ಮಾಡಲಿ. ಈ ಎರಡು ಗಂಟೆಯನ್ನು ಪ್ಲಾನ್‌ನಿಂದ ತೆಗೆಯಲೇಬೇಡಿ.

ಮೂರಕ್ಕೆ ಲಕ್ಕುಂಡಿ. ಗದಗದಿಂದ 12 ಕಿಲೋಮೀಟರ್ ಅಷ್ಟೇ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದಿಂದ ಶುರು ಮಾಡಿ. ನಂತರ ಮಣಿಕೇಶ್ವರದ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲು ಕಡಿದಾಗಿವೆ, ಮಕ್ಕಳ ಕೈ ಹಿಡಿದುಕೊಳ್ಳಿ. ಅತ್ತೆ, ಮಾವ ಮೇಲೇ ಕೂರಲಿ, ಅಲ್ಲಿಂದಲೂ ಬಾವಿ ಚೆನ್ನಾಗಿ ಕಾಣುತ್ತದೆ. ಕಾಶಿ ವಿಶ್ವನಾಥ ಗುಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ, ಅದರ ಮುಖ ಪಡುವಣಕ್ಕೆ. ಸಂಜೆಯ ಓರೆ ಬಿಸಿಲು ಗೋಡೆಗೆ ಬಿದ್ದಾಗ ಕೆತ್ತನೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಮಧ್ಯಾಹ್ನ ನೋಡಿದವರಿಗೆ ಇದು ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ನೆನಪಿರಲಿ. ಗದಗಕ್ಕೆ ಮರಳಿ ಗಿರ್ಮಿಟ್, ಮಿರ್ಚಿ ತಿನ್ನಿ.

ಭಾನುವಾರ ಡಂಬಳವೋ ಮಾಗಡಿಯೋ? ಡಂಬಳದ ದೊಡ್ಡಬಸಪ್ಪ ಗುಡಿ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ, ನನಗೆ ಬಹಳ ಇಷ್ಟ. ಆದರೂ ನೀವು ಬರುವುದು ಡಿಸೆಂಬರ್‌ನಲ್ಲಿ, ಅಲ್ವಾ? ಹಾಗಾದರೆ ಮಾಗಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಚಳಿಗಾಲದಲ್ಲಿ ಮಾತ್ರ ಇರುತ್ತವೆ, ಗುಡಿ ಜುಲೈನಲ್ಲೂ ಅಲ್ಲೇ ಇರುತ್ತದೆ. ಬೇರೆ ತಿಂಗಳಲ್ಲಿ ಬರುವವರು ಡಂಬಳಕ್ಕೇ ಹೋಗಿ.

ಮಾಗಡಿಯಿಂದ ಲಕ್ಷ್ಮೇಶ್ವರ ಹತ್ತಿರ. ಸೋಮೇಶ್ವರ ಗುಡಿಯಲ್ಲಿ ಶಿವ, ಪಾರ್ವತಿ ನಂದಿಯ ಮೇಲೆ ಕೂತಿದ್ದಾರೆ. ಬಾಗಿಲು ಹಾಕುವ ಮುಂಚೆ ತಲುಪಿ. ಊಟ ಮುಗಿಸಿ ಸವಣೂರಿಗೆ. ಅಲ್ಲಿ ದೊಡ್ಡಹುಣಸೆ ಮಠದ ಆಫ್ರಿಕಾ ಮೂಲದ ಭಾರೀ ಮರಗಳನ್ನು ನೋಡಿದರೆ ಮಕ್ಕಳು ಬೆರಗಾಗುತ್ತಾರೆ. ಸವಣೂರ ಖಾರಾ ಕಟ್ಟಿಸಿಕೊಳ್ಳಿ. ನಾಲ್ಕೂವರೆಗೆ ಬಂಕಾಪುರ ಕೋಟೆ: ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ಮತ್ತು ಇಳಿಹೊತ್ತಿಗೆ ಹೊರಬರುವ ನವಿಲುಗಳು.

ವಾಪಸ್ ಟಿಕೆಟ್ ಇನ್ನೂ ಮಾಡಿಲ್ಲದಿದ್ದರೆ ಹಾವೇರಿಯಿಂದ ಮಾಡಿ. ಬಂಕಾಪುರಕ್ಕೆ ಹುಬ್ಬಳ್ಳಿಗಿಂತ ಹಾವೇರಿ ಹತ್ತಿರ, ಮೇಲಾಗಿ ಅದು ಬೆಂಗಳೂರಿನ ದಿಕ್ಕಿಗೇ ಇದೆ. ನಿಮ್ಮ ರೈಲು ಅಲ್ಲಿ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ, ಹಾವೇರಿಯಲ್ಲಿ ಬಿಟ್ಟರೆ ಬಾಡಿಗೆ ಎಷ್ಟು ಎಂದು ಕಾರಿನವರ ಹತ್ತಿರ ಶನಿವಾರವೇ ಮಾತಾಡಿಕೊಳ್ಳಿ.