ನಂದಿಬಟ್ಟಲಿನ ಆಫ್ರಿಕನ್ ದಾಯಾದಿ

ಪೂಜೆಗೆ ನಂದಿಬಟ್ಟಲು ಕೀಳುವಾಗ ತೊಟ್ಟಿನಿಂದ ಹಾಲು ಒಸರಿ ಬೆರಳಿಗೆ ಅಂಟುತ್ತದೆ. ಅದೇ ಕುಟುಂಬದ ಪೊದೆಯೊಂದು ಮಧ್ಯ ಆಫ್ರಿಕಾದ ಗ್ಯಾಬನ್ ಕಾಡಿನಲ್ಲಿದೆ: ಇಬೊಗಾ. ಅದರ ಬೇರಿನ ತೊಗಟೆಯನ್ನು ಕೆರೆದು ತಿಂದರೆ ಬಾಯಿ ಕಹಿಯಾಗುತ್ತದೆ, ನಾಲಿಗೆ ಜೋಮು ಹಿಡಿಯುತ್ತದೆ. ಅಲ್ಲಿನ ಬ್ವಿಟಿ ಪಂಥದವರು ದೀಕ್ಷೆಯ ರಾತ್ರಿ ಇದನ್ನು ಹೆಚ್ಚು ಪ್ರಮಾಣದಲ್ಲಿ ತಿನ್ನಿಸುತ್ತಾರೆ. ಪೂರ್ವಿಕರನ್ನು ಕಾಣುವ ದಾರಿ ಅದು ಎಂಬುದು ಅವರ ನಂಬಿಕೆ.

1901ರಲ್ಲಿ ಫ್ರೆಂಚ್ ವಿಜ್ಞಾನಿಗಳು ಬೇರಿನಿಂದ ಇಬೊಗೈನ್ ಎಂಬ ಕ್ಷಾರಾಭವನ್ನು (ಆಲ್ಕಲಾಯ್ಡ್, ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಬೇರ್ಪಡಿಸಿದರು. 1939ರಿಂದ ಫ್ರಾನ್ಸಿನಲ್ಲಿ 8 ಮಿಲಿಗ್ರಾಂ ಇಬೊಗೈನ್ ಇರುವ ಮಾತ್ರೆ ದಣಿವು ಕಳೆಯುವ ಔಷಧಿಯಾಗಿ ಮಾರಾಟವಾಯಿತು. ಗ್ಯಾಬನ್ನಿನ ಊರೊಂದರ ಹೆಸರನ್ನೇ ಅದಕ್ಕೆ ಇಟ್ಟಿದ್ದರು: ಲಾಂಬರೆನ್.

ಚಟ ಬಿಡಿಸುವ ಕಥೆ ಶುರುವಾದದ್ದು 1962ರಲ್ಲಿ. ನ್ಯೂಯಾರ್ಕಿನ 19 ವರ್ಷದ ಹೆರಾಯಿನ್ ವ್ಯಸನಿ ಹೊವರ್ಡ್ ಲಾಟ್ಸಾಫ್ ಹೊಸ ಅಮಲಿನ ಆಸೆಯಿಂದ ಇಬೊಗೈನ್ ಸೇವಿಸಿದರು. ಅಮಲು ಇಳಿದ ಮೇಲೆ ಹೆರಾಯಿನ್ ಬೇಕೆನಿಸಲಿಲ್ಲ. ಚಟ ಬಿಟ್ಟಾಗಿನ ಯಾತನೆಯೂ ಇರಲಿಲ್ಲ. ಮುಂದೆ ಅವರು ಜೀವನವನ್ನೇ ಇದರ ಪ್ರಚಾರಕ್ಕೆ ಮೀಸಲಿಟ್ಟರು. ಆದರೆ 1970ರ ಅಮೆರಿಕದ ಕಾನೂನು ಇಬೊಗೈನನ್ನು ಹೆರಾಯಿನ್ ಇದ್ದ ಪಟ್ಟಿಗೇ ಸೇರಿಸಿತು.

ಇದು ಒಂದು ಬೀಗಕ್ಕೆ ಒಂದು ಕೀಲಿ ಎನ್ನುವಂಥ ಔಷಧವಲ್ಲ. ಹೆರಾಯಿನ್ ಚಟಕ್ಕೆ ಕೊಡುವ ಮೆಥಡೋನ್ ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಕೂರುತ್ತದೆ. ಇಬೊಗೈನ್ ಹಾಗಲ್ಲ: ಮೆದುಳಿನ ಸಂದೇಶವಾಹಕ ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು (ಸಂದೇಶ ಹಿಡಿಯುವ ಪ್ರೋಟೀನ್) ತಡೆಯುತ್ತದೆ, ನಿಕೋಟಿನ್ ಗ್ರಾಹಕದ ಒಂದು ಬಗೆಯನ್ನು ಅಡಗಿಸುತ್ತದೆ, ಸೆರೊಟೋನಿನ್ ಎಂಬ ಇನ್ನೊಂದು ಸಂದೇಶವಾಹಕವನ್ನು ಸಾಗಿಸುವ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಯಕೃತ್ತಿನ ಸಿವೈಪಿ2ಡಿ6 ಕಿಣ್ವ ಅದನ್ನು ನಾರ್‌ಇಬೊಗೈನ್ ಆಗಿ ಮಾರ್ಪಡಿಸುತ್ತದೆ. ಇದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಮಲು ಇಳಿದ ಮೇಲೂ ಹಂಬಲ ಮರುಕಳಿಸದಿರಲು ಇದೇ ಮುಖ್ಯ ಕಾರಣವೆಂದು ಹಲವು ಸಂಶೋಧಕರು ಎಣಿಸುತ್ತಾರೆ.

ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದು ಮೆದುಳಿನ ಮೇಲಲ್ಲ, ಹೃದಯದ ಮೇಲೆ. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಹೊರಹಾಕಿ ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಇಬೊಗೈನ್ ಆ ದ್ವಾರವನ್ನೇ ಮುಚ್ಚುತ್ತದೆ, ನಾರ್‌ಇಬೊಗೈನ್ ಕೂಡ. ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದರೆ ಬಡಿದ ಹೃದಯ ಮತ್ತೆ ಅಣಿಯಾಗಲು ಹಿಡಿಯುವ ಹೊತ್ತು, ಹಿಗ್ಗಿ ಬಡಿತ ತಾಳ ತಪ್ಪಿದರೆ ಸಾವು. ಹಾಗೆ ಸತ್ತವರಿದ್ದಾರೆ. ಅಪಾಯ ಒಂದು ರಾತ್ರಿಗೆ ಮುಗಿಯುವುದೂ ಇಲ್ಲ.

1993ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಯಾಮಿಯಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. 1995ರಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಹಿಂದೆ ಸರಿಯಿತು. ಚಿಕಿತ್ಸೆ ಅರಸಿದವರು ಮೆಕ್ಸಿಕೊ ದಾರಿ ಹಿಡಿದರು. ಅಲ್ಲಿ ಮೆಗ್ನೀಸಿಯಂ ಜೊತೆ ಇಬೊಗೈನ್ ಪಡೆದ, ತಲೆಗೆ ಪೆಟ್ಟಾದ 30 ಮಾಜಿ ಸೈನಿಕರ ಕುರಿತ ಸ್ಟ್ಯಾನ್‌ಫರ್ಡ್ ವರದಿ 2024ರಲ್ಲಿ ಪ್ರಕಟವಾಯಿತು. ಖಿನ್ನತೆ, ಆತಂಕ ಇಳಿದವು, ಗಂಭೀರ ಹೃದಯ ತೊಂದರೆ ಕಾಣಲಿಲ್ಲ. ಆದರೆ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಅದು ಚಟದ ಅಧ್ಯಯನವೂ ಅಲ್ಲ.

ಗುಣ ಉಳಿಸಿ ವಿಷ ತೆಗೆಯುವ ಯತ್ನದಲ್ಲಿ ನಮ್ಮ ಅಂಗಳದ ಗಿಡದ ಹೆಸರು ಮತ್ತೆ ಬರುತ್ತದೆ. ಅಮೆರಿಕದ ಆಲ್ಬನಿಯ ಸಂಶೋಧಕ ಸ್ಟ್ಯಾನ್ಲಿ ಗ್ಲಿಕ್ ಇಲಿಗಳಲ್ಲಿ ಪರೀಕ್ಷಿಸಿದ, ಮಾರ್ಟಿನ್ ಕ್ಯೂನೆ ಪ್ರಯೋಗಾಲಯದಲ್ಲಿ ರೂಪಿಸಿದ, ಇಬೊಗೈನನ್ನು ಹೋಲುವ ಸಂಯುಕ್ತ 18-ಮೆಥಾಕ್ಸಿಕೊರೊನಾರಿಡಿನ್. ಆ ಕೊರೊನಾರಿಡಿನ್ ಎಂಬ ಪದ ಹುಟ್ಟಿದ್ದು ನಂದಿಬಟ್ಟಲಿನ ಹಳೆಯ ಸಸ್ಯಶಾಸ್ತ್ರೀಯ ಹೆಸರು ಕೊರೊನಾರಿಯಾದಿಂದ. ಹಾಗೆಂದು ಹಿತ್ತಲ ಗಿಡದ ಬೇರನ್ನು ಯಾರೂ ಅರೆದು ಕುಡಿಯಬಾರದು.